ದೊಡ್ಡ ಪರದೆಯ ಸಣ್ಣ ದೀಪಗಳು

ನಮ್ಮ ಶಾಲೆಯ ಸಭಾಂಗಣಕ್ಕೆ ಒಂದು ಎಲ್‌ಇಡಿ ಪರದೆಯನ್ನು ಕೊಡಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದವರು ಹಣ ಕೂಡಿಸುತ್ತಿರುವ ಸಂಗತಿಯು ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿಗೆ ವಿದಿತವಾಗಿಯೇ ಇದೆ. ಹಣವನ್ನು ಕಳುಹಿಸಿದವರಲ್ಲಿ ಕೆಲವರು ಅದರೊಡನೆ ಸಲಹೆಗಳನ್ನೂ ಕಳುಹಿಸಿರುತ್ತಾರೆ. ಪರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಕೊಳ್ಳುವುದಾದರೆ ಸಿಒಬಿ ಎಂಬ ಹೊಸ ಬಗೆಯದನ್ನೇ ಕೊಳ್ಳಬೇಕು, ಹಳೆಯದಕ್ಕೆ ಹಣ ಸುರಿಯಕೂಡದು ಎಂದು ಬರೆದಿದ್ದಾಳೆ. ದಾವಣಗೆರೆಯ ಪೋಷಕರೊಬ್ಬರು, ಎಲ್ಲರೂ ಹಾಕಿಸುವ ಎಸ್‌ಎಂಡಿಯೇ ಸಾಕು, ಕೆಟ್ಟರೆ ರಿಪೇರಿಯವನು ಸಿಕ್ಕುತ್ತಾನೆ ಎಂದಿದ್ದಾರೆ. ಮತ್ತೊಬ್ಬರಂತೂ, ವರ್ಷಕ್ಕೆ ಎರಡು ದಿನ ಬಾಡಿಗೆಗೆ ತಂದರೆ ಸಾಲದೇ ಎಂದು ಕೇಳಿದ್ದಾರೆ. ಮೂವರೂ ಶಾಲೆಯ ಹಿತಚಿಂತಕರೇ. ಆದರೆ ಈ ಕಾಗದಗಳನ್ನು ಓದಿದಾಗ ಅವುಗಳಲ್ಲಿದ್ದ ಹೆಸರುಗಳ ಅರ್ಥವೇ ನನಗೆ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಇತರರು ದುಡಿದು ಕೊಟ್ಟ ಹಣವನ್ನು ತಿಳಿಯದೆ ವೆಚ್ಚಮಾಡುವ ಧೈರ್ಯ ನನಗಿಲ್ಲ. ಆದುದರಿಂದ ಕೆಲವು ತಿಂಗಳು ಇದನ್ನೇ ಒಂದು ಪಾಠವಾಗಿ ಮಾಡಿಕೊಂಡು ಕಲಿತೆನು. ಕಲಿತುದನ್ನೂ, ಅದರಿಂದ ನಾವು ಮಾಡಿದ ತೀರ್ಮಾನವನ್ನೂ ಇಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ಪರದೆ ಏಕೆ ಬೇಕೆಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ ಈಗ ಪ್ರೊಜೆಕ್ಟರು ಇದೆ. ಅದರ ಬೆಳಕು ಬಟ್ಟೆಯ ಮೇಲೆ ಕಾಣಬೇಕಾದರೆ ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲೆ ಮಾಡಬೇಕು. ಮಾರ್ಚ್ ತಿಂಗಳಿನಲ್ಲಿ ಕಿಟಕಿ ಮುಚ್ಚಿದ ಕೊಠಡಿಯೊಳಗೆ ಮುನ್ನೂರು ಹುಡುಗಿಯರನ್ನು ಕೂರಿಸಿ ರಕ್ತಪರಿಚಲನೆಯ ಪಾಠ ತೋರಿಸುವುದೆಂದರೆ ಏನೆಂಬುದನ್ನು ಈ ಪ್ರಾಂತದ ಬಿಸಿಲನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅಷ್ಟು ಮಾಡಿದರೂ ಕಡೆಯ ಸಾಲಿನವರು, “ಮಿಸ್, ಅಕ್ಷರ ಕಾಣಿಸೊಲ್ಲ” ಎನ್ನುತ್ತಾರೆ. ಕಡೆಯ ಸಾಲು ವೇದಿಕೆಯಿಂದ 18 ಮೀಟರ್ ದೂರದಲ್ಲಿದೆ. ಎಲ್‌ಇಡಿ ಪರದೆಯಾದರೋ ತಾನೇ ಬೆಳಗುವಂಥದು. ಕಿಟಕಿಗಳು ತೆರೆದಿದ್ದರೂ ಚಿತ್ರ ಮಸುಕಾಗುವುದಿಲ್ಲ.

ನನ್ನ ಪಾಠಕ್ಕೆ ಮೊದಲ ಉಪಕರಣವಾಗಿ ಒದಗಿದುದು ಒಂದು ಬೆಂಕಿಪೊಟ್ಟಣ. ಕಳೆದ ವಾರ್ಷಿಕೋತ್ಸವಕ್ಕೆ ಪರದೆಯನ್ನು ಬಾಡಿಗೆಗೆ ತರಿಸಿದ್ದೆವು. ಅರ್ಧ ಮೀಟರ್ ಚೌಕದ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಿ, ಒಂದರ ಮೇಲೊಂದು ಪೇರಿಸಿ, ಗೋಡೆಯಂತೆ ಜೋಡಿಸುವರು. ಆ ಪೆಟ್ಟಿಗೆಗೆ ಅವರು ಕ್ಯಾಬಿನೆಟ್ ಎನ್ನುತ್ತಾರೆ. ಅವಸರದಲ್ಲಿ ಒಂದರ ಮೂಲೆಯು ವೇದಿಕೆಯ ಕಲ್ಲಂಚಿಗೆ ತಾಗಿತು. ಅಂದು ಸಾಯಂಕಾಲ ನಿವೃತ್ತರಾದ ನಮ್ಮ ಹಿರಿಯ ಉಪಾಧ್ಯಾಯಿನಿಯವರ ಭಾವಚಿತ್ರವನ್ನು ತೋರಿಸುವಾಗ ಅವರ ಎಡಗಣ್ಣಿನ ಜಾಗದಲ್ಲಿ ಕಪ್ಪು ಕಲೆ! ಸಭೆಯಲ್ಲಿ ಕುಳಿತಿದ್ದ ಆ ತಾಯಿ ನಕ್ಕು ಸುಮ್ಮನಾದರು. ನಾನು ಮಾತ್ರ ತಲೆಯೆತ್ತಲಿಲ್ಲ. ಮರುದಿನ ಗುಡಿಸುವಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಸಾಸಿವೆಗಿಂತ ತುಸು ದೊಡ್ಡದಾದ 17 ಮಣಿಗಳನ್ನು ಆಯ್ದು ಬೆಂಕಿಪೊಟ್ಟಣದಲ್ಲಿ ಹಾಕಿ ತಂದುಕೊಟ್ಟಳು. ಜೀವಶಾಸ್ತ್ರದ ಪ್ರಯೋಗಶಾಲೆಯ ಮಸೂರದ ಕೆಳಗಿಟ್ಟು ನೋಡಿದೆ. ಎರಡು ಮಿಲಿಮೀಟರಿನಷ್ಟು ಅಗಲದ ಒಂದು ಕರಿಯ ಬಟ್ಟಲು. ಅದರೊಳಗೆ ಮರಳಿನ ಹರಳುಗಳಂತೆ ಮೂರು ಕಣ. ಕಣಗಳಿಂದ ಬಟ್ಟಲಿನ ಅಂಚಿಗೆ ಕೂದಲಿಗಿಂತಲೂ ಸಣ್ಣ ತಂತಿಗಳು. ಮೇಲೆ ತಿಳಿಯಾದ ಅಂಟು. ಕೆಳಗೆ ನಾಲ್ಕು ಲೋಹದ ಪಾದಗಳು. ಕಾಗದಗಳಲ್ಲಿ ಬಂದ ಎಸ್‌ಎಂಡಿ ಎಂಬ ಹೆಸರಿನ ವಸ್ತು ಇದೇ ಎಂದು ಆಮೇಲೆ ತಿಳಿಯಿತು.

ಎಲ್‌ಇಡಿ ಪರದೆಯೆಂಬುದು ಬಟ್ಟೆಯೂ ಅಲ್ಲ, ಗಾಜೂ ಅಲ್ಲ. ಮೈಸೂರು ಅರಮನೆಯ ದೀಪಾಲಂಕಾರವನ್ನು ತಾವು ಕಂಡಿರುವಿರಿ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಗೋಡೆಗಳು ಮರೆಯಾಗಿ, ಅರಮನೆಯ ಆಕೃತಿಯು ಕತ್ತಲೆಯ ಮೇಲೆ ಚುಕ್ಕಿಗಳಿಂದಲೇ ಬರೆದಂತೆ ತೋರುವುದು. ಪರದೆಯ ಗುಟ್ಟೂ ಇದೇ. ಭೇದವೇನೆಂದರೆ, ಇಲ್ಲಿ ಒಂದೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ದೀಪಗಳಿದ್ದು, ಅವುಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಬೇಕಾದ ಬಣ್ಣವನ್ನು ಕೂಡಿಸುತ್ತಾರೆ. ಇದು ಒಂದೇ ದಿನದಲ್ಲಿ ಆದ ಕೆಲಸವಲ್ಲ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬವರು 1962ರಲ್ಲಿ ಮಾಡಿ ತೋರಿಸಿದರು. ಆದರೆ ಹೊಳಪುಳ್ಳ ನೀಲಿ ದೀಪಕ್ಕಾಗಿ ಲೋಕವು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ಶೂಜಿ ನಾಕಾಮುರಾ ಅವರ ಪರಿಶ್ರಮದಿಂದ ಅದು 1993ರಲ್ಲಿ ಕೈಗೂಡಿತು; ಇದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ನೀಲಿ ಇಲ್ಲದಿದ್ದ ಕಾಲದಲ್ಲಿ ಎಲ್‌ಇಡಿ ಪರದೆ ಎಂದರೆ ಬಹುಮಟ್ಟಿಗೆ ಕೆಂಪು ಅಕ್ಷರಗಳು ಸಾಗುತ್ತಿದ್ದ ಹಲಗೆಯೇ. ನಮ್ಮ ವಯಸ್ಸಿನವರು ರೈಲ್ವೆ ನಿಲ್ದಾಣಗಳಲ್ಲಿ ನೋಡಿದ್ದು ಅದನ್ನೇ.

ಇನ್ನು ಪಿಚ್ ಎಂಬ ಮಾತು. ಮಾರುವವರು ಇದನ್ನು ಮಂತ್ರದಂತೆ ಉಚ್ಚರಿಸುತ್ತಾರೆ. ರಂಗೋಲಿ ಇಡುವ ಮನೆಯವರಿಗೆ ಇದು ಕಷ್ಟವಲ್ಲ: ಚುಕ್ಕಿಯಿಂದ ಚುಕ್ಕಿಗೆ ಇರುವ ದೂರವೇ ಪಿಚ್ಚು, ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹತ್ತರ ಪಿಚ್ಚಿನ ಒಂದು ಚದರ ಮೀಟರಿನಲ್ಲಿ 10,000 ಬಿಂದುಗಳು, ಎರಡೂವರೆಯದರಲ್ಲಿ 1,60,000, ಒಂದೂಕಾಲರದರಲ್ಲಿ 6,40,000. ದೂರವನ್ನು ಅರ್ಧ ಮಾಡಿದರೆ ಬಿಂದುಗಳು ನಾಲ್ಕು ಪಟ್ಟಾಗುತ್ತವೆ. ಬೆಲೆ ಏರುವುದೂ ಇದೇ ಕಾರಣದಿಂದ. ಆದರೆ ಚುಕ್ಕಿಗಳು ಒತ್ತಾದಷ್ಟೂ ನೋಡುವವರಿಗೆ ಲಾಭವೆಂದು ತಿಳಿಯಬಾರದು. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲುದು. ಲೆಕ್ಕ ಹಾಕಿದರೆ, ಒಂದು ಮಿಲಿಮೀಟರ್ ಅಂತರದ ಚುಕ್ಕಿಗಳು ಸುಮಾರು ಮೂರುವರೆ ಮೀಟರ್ ದೂರದಲ್ಲಿ ಕೂಡಿಹೋಗುತ್ತವೆ. ಎರಡೂವರೆ ಮಿಲಿಮೀಟರಿನವು ಎಂಟೂವರೆ ಮೀಟರಿನಲ್ಲಿ. ಹತ್ತರವು 34 ಮೀಟರಿನಲ್ಲಿ. ಅದಕ್ಕಿಂತ ದೂರದಲ್ಲಿ ಕುಳಿತವರಿಗೆ ಹೆಚ್ಚಿನ ಚುಕ್ಕಿಗಳಿಂದ ಯಾವ ಪ್ರಯೋಜನವೂ ಇಲ್ಲ.

ಈ ಲೆಕ್ಕವನ್ನು ಪುಸ್ತಕದಿಂದ ನಂಬದೆ ಕಣ್ಣಿನಿಂದ ನೋಡಬೇಕೆಂಬ ಆಸೆಯಾಯಿತು. ನಮ್ಮಲ್ಲಿ ಓದುವ ಹುಡುಗಿಯರಲ್ಲಿ ಹೊನ್ನಾಳಿ, ನ್ಯಾಮತಿಗಳ ಕಡೆಯ ತಾಂಡಾಗಳಿಂದ ಬಂದವರು ಹಲವರುಂಟು. ಅವರಲ್ಲೊಬ್ಬಳ ತಾಯಿ, ಆಕೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯೇ, ಸೂರಗೊಂಡನಕೊಪ್ಪದ ಜಾತ್ರೆಗೆ ಬರಬೇಕೆಂದು ವರ್ಷವರ್ಷವೂ ಕರೆಯುತ್ತಿದ್ದಳು. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಈ ಊರು ಸಂತ ಸೇವಾಲಾಲರ ಜನ್ಮಸ್ಥಳವೆಂಬುದನ್ನೂ, ಫೆಬ್ರವರಿ 15ರ ಅವರ ಜಯಂತಿಗೆ ಅನೇಕ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂಜಾರ ಜನರು ಮಾಲೆ ಧರಿಸಿ ಕಾಲ್ನಡಿಗೆಯಿಂದ ಬರುವರೆಂಬುದನ್ನೂ ತಾವು ಬಲ್ಲಿರಿ. ಅಷ್ಟು ಜನ ಸೇರಿದಲ್ಲಿ ವೇದಿಕೆಯ ಹತ್ತಿರ ಹೋಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಹಿಂದೆ ನಿಂತ ಮುದುಕಿಯರೂ ಸೊಂಟದ ಮೇಲೆ ಮಗುವನ್ನು ಹೊತ್ತವರೂ ನೋಡುತ್ತಿದ್ದುದು ಬಯಲಿನಲ್ಲಿ ನಿಲ್ಲಿಸಿದ್ದ ಪರದೆಯನ್ನು. ಕೇಳಲಾಗಿ ಅದು 3.91ರ ಪಿಚ್ಚಿನದೆಂದು ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಹೇಳಿದನು. ಮುಂದೆ ಹೋಗಿ ನಿಂತರೆ ಕೆಂಪು, ಹಸುರು, ನೀಲಿಯ ಕಿಡಿಗಳ ಹೊರತು ಏನೂ ಇಲ್ಲ. ಹೆಜ್ಜೆ ಎಣಿಸುತ್ತ ಹಿಂದಕ್ಕೆ ಸರಿದೆ. ಐದನೆಯ ಹೆಜ್ಜೆಗೆ ಮುಖವೊಂದರ ಆಕಾರ ಮೂಡಿತು. ಇಪ್ಪತ್ತರ ಹತ್ತಿರ ಚುಕ್ಕಿಗಳೆಲ್ಲ ಕೂಡಿ ನುಣ್ಣಗಾದವು. ನನ್ನ ಇಪ್ಪತ್ತು ಹೆಜ್ಜೆಗೆ ಹದಿನಾಲ್ಕು ಮೀಟರ್. ಲೆಕ್ಕದಲ್ಲಿ ಬಂದುದು 13.4. ಗಣಿತವು ಹೀಗೆ ಬಯಲಿನಲ್ಲಿ ಎದುರಾದಾಗ ಆಗುವ ಸಂತೋಷವನ್ನು ನನ್ನಲ್ಲಿ ಕಲಿತವರು ಬಲ್ಲರು.

ಅಲ್ಲಿಯೇ ಇನ್ನೊಂದನ್ನೂ ಕಂಡೆ. ಹೊತ್ತೇರಿದಂತೆ ಪರದೆಯ ಚಿತ್ರವು ಬಿಳಿಚಿಕೊಂಡಿತು. ಹೊರಗೆ ನಿಲ್ಲಿಸುವ ಪರದೆಯ ಹೊಳಪು ಚದರ ಮೀಟರಿಗೆ ಸುಮಾರು 5,000 ಕ್ಯಾಂಡೆಲಾ; ನಡುಹಗಲಿನ ಬಿಸಿಲಿನಲ್ಲಿ ಒಂದು ಬಿಳಿಯ ಕಾಗದದ ಹೊಳಪೇ ಅದರ ಐದಾರು ಪಟ್ಟು ಇರುತ್ತದೆ. ಪರದೆಯಲ್ಲಿ ತೋರುವ ರುಮಾಲಿಗಿಂತ ಅದರ ಮುಂದೆ ನಿಂತವನ ತಲೆಯ ರುಮಾಲು ಹೆಚ್ಚು ಬೆಳ್ಳಗಿತ್ತು. ಸಭಾಂಗಣದ ಒಳಗಾದರೋ 600ರಿಂದ 800 ಕ್ಯಾಂಡೆಲಾ ಧಾರಾಳವಾಯಿತು. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಕಣ್ಣಿಗೆ ಚುಚ್ಚುವುದು.

ಈಗ ಬಗೆಗಳ ವಿಚಾರಕ್ಕೆ ಬರೋಣ. ದೀಪದ ಕಣವು ಎಲ್ಲದರಲ್ಲಿಯೂ ಒಂದೇ ಜಾತಿಯದು. ಅದನ್ನು ಯಾವುದರೊಳಗೆ ಹುದುಗಿಸಿ, ಹಲಗೆಗೆ ಹೇಗೆ ಕೂಡಿಸುತ್ತಾರೆ ಎಂಬುದರಲ್ಲಿಯೇ ಈ ಹೆಸರುಗಳ ಭೇದವೆಲ್ಲ ಇರುವುದು.

ಎಲ್ಲಕ್ಕಿಂತ ಹಳೆಯದು ಡಿಐಪಿ. ಒಂದೊಂದು ಕಣವನ್ನೂ ಬೇರೆ ಬೇರೆಯಾಗಿ ರಾಳದಲ್ಲಿ ಎರಕ ಹೊಯ್ದು, ಗುಂಡಿನ ತಲೆಯಂಥ ಸಣ್ಣ ಬಲ್ಬನ್ನು ಮಾಡಿ, ಅದರ ಎರಡು ಕಾಲುಗಳನ್ನು ಹಲಗೆಯ ತೂತಿನೊಳಗೆ ತೂರಿಸಿ ಹಿಂದಿನಿಂದ ಬೆಸುಗೆ ಹಾಕುತ್ತಾರೆ. ಬೆಳಕು ಬಹಳ, ಬಾಳಿಕೆ ಬಹಳ. ಮಳೆ ಬಿಸಿಲಿಗೆ ಅಂಜುವುದಿಲ್ಲ. ಆದರೆ ಕೆಂಪು, ಹಸುರು, ನೀಲಿಗಳಿಗೆ ಒಂದೊಂದು ಬಲ್ಬು ಬೇಕಾದುದರಿಂದ ಚುಕ್ಕಿಗಳನ್ನು ಒತ್ತಾಗಿ ಇಡಲು ಸಾಧ್ಯವಿಲ್ಲ. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಹೆದ್ದಾರಿಯ ಸೂಚನಾಫಲಕಗಳಿಗೆ ಒಪ್ಪುವ ವಸ್ತು, ಶಾಲೆಗಲ್ಲ.

ಎಸ್‌ಎಂಡಿ ಎಂಬುದೇ ನಮ್ಮ ಬೆಂಕಿಪೊಟ್ಟಣದ ಮಣಿ. ಮೂರು ಕಣಗಳನ್ನೂ ಒಂದೇ ಬಟ್ಟಲಿನಲ್ಲಿಟ್ಟು ಮೊದಲು ಮಣಿಯನ್ನು ಸಿದ್ಧಪಡಿಸುತ್ತಾರೆ. ಪ್ರತಿಯೊಂದು ಮಣಿಯನ್ನೂ ಹೊತ್ತಿಸಿ, ಬಣ್ಣ ಹೊಳಪುಗಳನ್ನು ಅಳೆದು, ಸಮನಾದವುಗಳನ್ನು ಬೇರೆ ಬೇರೆ ವಿಂಗಡಿಸುತ್ತಾರೆ. ಆಮೇಲೆ ಯಂತ್ರವು ಅವುಗಳನ್ನು ಹಲಗೆಯ ಮೇಲೆ ಬೆಸುಗೆಯ ಲೇಪದಲ್ಲಿ ಕೂರಿಸುತ್ತದೆ. ಹಲಗೆಯನ್ನು ಕುಲುಮೆಯೊಳಗೆ ಸಾಗಿಸಿದರೆ ಲೇಪ ಕರಗಿ ಪಾದಗಳು ಅಂಟಿಕೊಳ್ಳುತ್ತವೆ. ಎಡಬಲಗಳಿಂದ ನೋಡಿದರೂ ಚಿತ್ರ ಚೆನ್ನಾಗಿಯೇ ಇರುತ್ತದೆ. ಇಂದು ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ಕ್ರೀಡಾಂಗಣದಲ್ಲಿ ಕಾಣುವ ಪರದೆಗಳಲ್ಲಿ ಬಹುಪಾಲು ಇವೇ. ಸಿನಿಮಾ ತೋರಿಸುವುದಕ್ಕೂ ಎಲ್‌ಇಡಿ ಪರದೆ ಬಂದಿದೆ. 2017ರಲ್ಲಿ ಸಿಯೋಲಿನಲ್ಲಿ ಮೊದಲಾಗಿ, 2018ರಲ್ಲಿ ದಿಲ್ಲಿಗೂ, 2019ರಲ್ಲಿ ಬೆಂಗಳೂರಿನ ಸ್ವಾಗತ್ ಚಿತ್ರಮಂದಿರಕ್ಕೂ ಅಂಥ ಪರದೆ ಬಂದಿತು. ಎಸ್‌ಎಂಡಿಯ ದೌರ್ಬಲ್ಯವೆಲ್ಲ ಅದರ ಪಾದಗಳಲ್ಲಿದೆ. ಜಾತ್ರೆಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದವಳು ಫೇಟಿಯಾ, ಕಾಂಚಳಿಗಳನ್ನು ತೊಟ್ಟಿದ್ದಳು. ಆ ಉಡುಗೆಯ ಮೇಲಿನ ಕನ್ನಡಿಗಳು ಒಂದೊಂದೂ ಸುತ್ತಲಿನ ದಾರದ ಬಲದಿಂದ ನಿಂತಿರುತ್ತವೆ. ದಾರ ಸವೆದರೆ ಕನ್ನಡಿ ಉದುರುತ್ತದೆ. ಹಾಗೆಯೇ ಮೂಲೆಗೆ ಪೆಟ್ಟು ಬಿದ್ದರೆ, ಮಕ್ಕಳು ಉಗುರಿನಿಂದ ಕೆರೆದರೆ, ಮಣಿಗಳು ಉದುರುತ್ತವೆ. ಮಣಿಮಣಿಗಳ ನಡುವೆ ಧೂಳು ಕೂರುತ್ತದೆ; ಒದ್ದೆ ಬಟ್ಟೆಯಿಂದ ಒರೆಸುವಂತಿಲ್ಲ. ಪಿಚ್ಚು ಒಂದೂಕಾಲಕ್ಕಿಂತ ಕಡಿಮೆಯಾದರೆ ಮಣಿಯೂ ಅದರ ಪಾದವೂ ತೀರ ಚಿಕ್ಕವಾಗಿ ಈ ತೊಂದರೆ ಹೆಚ್ಚುತ್ತದೆ. ನಾಲ್ಕು ಬಿಂದುಗಳನ್ನು ಒಂದೇ ಮಣಿಯಲ್ಲಿ ಸೇರಿಸಿ ಪಾದಗಳನ್ನು ದೊಡ್ಡದಾಗಿ ಮಾಡುವ ಕ್ರಮವೂ ಒಂದುಂಟು.

ಈ ದೌರ್ಬಲ್ಯಕ್ಕೆ ಮಾಡಿದ ಉಪಾಯ ಜಿಒಬಿ. ಇದು ಬೇರೆ ಜಾತಿಯಲ್ಲ; ಮಣಿಗಳನ್ನು ಕೂರಿಸಿದ ಎಸ್‌ಎಂಡಿ ಹಲಗೆಯ ಮೇಲೆ ತಿಳಿಯಾದ ಅಂಟನ್ನು ಹೊಯ್ದು ಮೇಲ್ಮೈಯನ್ನು ಮಟ್ಟಸವಾಗಿ ಗಟ್ಟಿಮಾಡುತ್ತಾರೆ. ಕೈ ತಾಗಿದರೂ ಮಣಿ ಅಲುಗದು. ಒದ್ದೆ ಬಟ್ಟೆಯಿಂದ ಒರೆಸಬಹುದು. ಆದರೆ ಒಳಗೆ ಒಂದು ಮಣಿ ಕೆಟ್ಟರೆ ಅಂಟನ್ನು ಕೊರೆದು ತೆಗೆಯಬೇಕು. ಅಲ್ಲದೆ ಹೊಯ್ಯುವಾಗ ಅಂಟು ಸಮವಾಗಿರದಿದ್ದರೆ ಫಲಕ ಫಲಕಕ್ಕೂ ಬಣ್ಣದಲ್ಲಿ ಸೂಕ್ಷ್ಮ ವ್ಯತ್ಯಾಸ ತೋರುವುದು.

ಸಿಒಬಿಯು ಮಣಿಯನ್ನೇ ತೊರೆದ ಕ್ರಮ. ಬಟ್ಟಲಿಲ್ಲ, ಪಾದವಿಲ್ಲ, ಬರಿಯ ಕಣಗಳನ್ನೇ ಹಲಗೆಗೆ ನೇರವಾಗಿ ಕೂಡಿಸಿ, ಇಡೀ ಮುಖಕ್ಕೆ ರಾಳದ ಹೊದಿಕೆ ಹಾಕುತ್ತಾರೆ. ಈಚಿನವುಗಳಲ್ಲಿ ಕಣವನ್ನು ತಲೆಕೆಳಗಾಗಿ ಮಲಗಿಸಿ ಅದರ ಲೋಹದ ತುದಿಗಳನ್ನೇ ಹಲಗೆಗೆ ಬೆಸೆಯುವುದರಿಂದ ಕೂದಲೆಳೆಯ ತಂತಿಯೂ ಬೇಕಾಗಿಲ್ಲ. ತುಂಡಾಗುವ ತಂತಿ ಇಲ್ಲದಿದ್ದರೆ ಕೆಡುವ ಸಂಭವವೂ ಕಡಿಮೆ. ಶಾಖವು ಹಲಗೆಯ ಮೂಲಕ ಬೇಗ ಹೊರಗೆ ಹೋಗುತ್ತದೆ. ಮೇಲ್ಮೈ ನುಣುಪು, ಕಪ್ಪು ಬಣ್ಣವು ನಿಜವಾಗಿ ಕಪ್ಪಾಗಿಯೇ ತೋರುವುದು. ಒಂದು ಮಿಲಿಮೀಟರಿಗಿಂತ ಕಡಿಮೆ ಪಿಚ್ಚಿನ ಪರದೆಗಳಲ್ಲಿ ಇದರದೇ ಮೇಲುಗೈ. ಕನ್ನಡಿ ಹೊಲಿದ ಬಟ್ಟೆಗೂ ಬುಟ್ಟಾವನ್ನು ಮಗ್ಗದಲ್ಲಿಯೇ ನೇಯ್ದ ಸೀರೆಗೂ ಇರುವ ಭೇದ ಇದು. ನೇಯ್ದ ಬುಟ್ಟಾ ಉದುರುವುದಿಲ್ಲ. ಆದರೆ ಒಂದು ಎಳೆ ಹೋದರೆ? ಮನೆಯ ಸೂಜಿಯಿಂದ ಸರಿಪಡಿಸಲಾಗದು. ಸಿಒಬಿಯಲ್ಲಿ ಒಂದು ಕಣ ಸತ್ತರೆ ಫಲಕವನ್ನು ಕಾರ್ಖಾನೆಗೋ ಅದಕ್ಕೆ ತಕ್ಕ ಯಂತ್ರವುಳ್ಳವರಿಗೋ ಕಳುಹಿಸಬೇಕು. ಇನ್ನೊಂದು ತೊಡಕು: ಮಣಿಗಳನ್ನಾದರೆ ಹೊತ್ತಿಸಿ ಅಳೆದು ವಿಂಗಡಿಸಿಯೇ ಕೂರಿಸುತ್ತಾರೆ. ಇಲ್ಲಿ ಮೂರು ಬಣ್ಣಗಳೂ ಕೂಡಿ ಹೇಗೆ ಬೆಳಗುವುವೆಂದು ತಿಳಿಯುವುದು ಹಲಗೆಗೆ ಕೂಡಿಸಿದ ಮೇಲೆಯೇ. ಆಮೇಲೆ ಯಂತ್ರದಿಂದ ಅಳೆದು, ಒಂದೊಂದು ಬಿಂದುವಿನ ಬೆಳಕನ್ನೂ ತಿದ್ದಿ ಸಮಮಾಡಬೇಕು.

ಈ ತೊಡಕನ್ನು ತಪ್ಪಿಸಲೆಂದು ಬಂದಿರುವುದು ಎಂಐಪಿ. ಕೂದಲಿನ ಅಗಲಕ್ಕಿಂತಲೂ ಚಿಕ್ಕದಾಗಬಲ್ಲ ಕಣಗಳನ್ನು ಮೊದಲು ಅತಿಸಣ್ಣ ಮಣಿಯಾಗಿ ಮಾಡಿ, ಅಳೆದು ವಿಂಗಡಿಸಿ, ಬಳಿಕ ಎಸ್‌ಎಂಡಿ ಯಂತ್ರಗಳಿಂದಲೇ ಕೂರಿಸುವುದು. ಸಿಒಬಿಯ ಸೂಕ್ಷ್ಮತೆಯೂ ಎಸ್‌ಎಂಡಿಯ ವಿಂಗಡಣೆಯೂ ಕೂಡಿರುವ ಈ ಕ್ರಮಕ್ಕೆ ಒಳ್ಳೆಯ ಭವಿಷ್ಯವಿರಬಹುದು. ನಮ್ಮ ಪ್ರಾಂತದ ಶಾಲೆಗೆ ಅದರ ವಿಚಾರ ಈಗಲೇ ಬೇಡ.

ಇಷ್ಟನ್ನು ಓದಿದವರು, ಸಿಒಬಿಯೇ ಶ್ರೇಷ್ಠವೆಂದ ಮೇಲೆ ಅದನ್ನೇ ಕೊಳ್ಳಬಾರದೇಕೆ ಎನ್ನಬಹುದು. ನಾನೂ ಕೆಲವು ಕಾಲ ಹಾಗೆಯೇ ಎಣಿಸಿದ್ದೆ. ನನ್ನ ಮನಸ್ಸನ್ನು ತಿರುಗಿಸಿದುದು ನಮ್ಮ ಕನ್ನಡ ಲಿಪಿ.

ಇಂಗ್ಲಿಷಿನ ದೊಡ್ಡಕ್ಷರವನ್ನು ಏಳು ಚುಕ್ಕಿಗಳ ಎತ್ತರದಲ್ಲಿಯೂ ಬರೆಯಬಹುದು. ಹಳೆಯ ಸಾಗುವ ಹಲಗೆಗಳಲ್ಲಿ ಹಾಗೆಯೇ ಬರೆಯುತ್ತಿದ್ದರು. ಕನ್ನಡಕ್ಕೆ ಅಷ್ಟು ಸಾಲದು. ತಲೆಕಟ್ಟಿನ ಮೇಲೆ ಗುಡಿಸು ಬರಬೇಕು, ಅಕ್ಷರದ ಕೆಳಗೆ ಒತ್ತು ಬರಬೇಕು. ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಅಡಿಯ ಒಂದು ಸೀಳು ಮಾತ್ರ. ಒರಟಾದ ಪರದೆಗಳಲ್ಲಿ ‘ಧನ’ವು ‘ದನ’ವಾಗಿ ಮೆರೆಯುವುದನ್ನು ತಾವು ನೋಡಿ ನಕ್ಕಿರಬಹುದು. ವ್ಯಾಕರಣದ ಪಾಠವನ್ನು ಪರದೆಯ ಮೇಲೆ ತೋರಿಸಹೊರಟ ಉಪಾಧ್ಯಾಯಿನಿಗೆ ಅದು ನಗುವಿನ ವಿಷಯವಲ್ಲ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಚೌಕಳಿ ಕಾಗದವನ್ನು ಕೊಟ್ಟು, ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಚೌಕಗಳಲ್ಲಿ ಕಪ್ಪು ತುಂಬಿ ಬರೆಯಿರೆಂದೆ. ಹದಿನಾರು ಚೌಕಗಳ ಎತ್ತರದಲ್ಲಿ ತ-ರ ಒತ್ತುಗಳೆರಡೂ ಗಂಟುಬಿದ್ದು ಮಸಿಯ ಮುದ್ದೆಯಾದವು. ಇಪ್ಪತ್ತನಾಲ್ಕರಲ್ಲಿ ತಿಳಿದವರು ಓದಬಹುದಾಗಿತ್ತು. ಮೂವತ್ತೆರಡರಲ್ಲಿ ಅಕ್ಷರವು ಚೆಲುವಾಗಿಯೇ ಬಂದಿತು.

ಅಂದಮೇಲೆ ಮೂವತ್ತೆರಡು ಚುಕ್ಕಿ ಬೇಕು. ನಮ್ಮ ವೇದಿಕೆಯ ಹಿಂದಿನ ಗೋಡೆಯಲ್ಲಿ 3.84 ಮೀಟರ್ ಅಗಲ, 2.24 ಮೀಟರ್ ಎತ್ತರದ ಪರದೆಗೆ ಸ್ಥಳವಿದೆ. ಹತ್ತರ ಪಿಚ್ಚಿನಲ್ಲಿ ಅಂಥ ಅಕ್ಷರವು 32 ಸೆಂಟಿಮೀಟರ್ ಎತ್ತರವಾಗಿ, ಸಾಲುಗಳ ನಡುವೆ ಎಡೆಬಿಟ್ಟರೆ ಪರದೆಯಲ್ಲಿ ಐದು ಸಾಲುಗಳೂ ಹಿಡಿಯಲಾರವು. ಎರಡೂವರೆಯದರಲ್ಲಿ ಅದೇ ಅಕ್ಷರ 8 ಸೆಂಟಿಮೀಟರ್. ಒಂದು ಸಾಲಿನಷ್ಟು ಎಡೆಬಿಟ್ಟು ಬರೆದರೂ ಹದಿನಾಲ್ಕು ಸಾಲುಗಳು ಹಿಡಿಯುತ್ತವೆ. ಕಡೆಯ ಸಾಲಿನ ಹುಡುಗಿ 18 ಮೀಟರ್ ದೂರದಿಂದ ಈ 8 ಸೆಂಟಿಮೀಟರಿನ ಅಕ್ಷರವನ್ನು ಓದಬಲ್ಲಳೇ? ಕಣ್ಣಿನ ವೈದ್ಯರು ಆರು ಮೀಟರ್ ದೂರದಲ್ಲಿ ತೂಗುಹಾಕುವ ಪಟದಲ್ಲಿ ಸರಿಯಾದ ದೃಷ್ಟಿಯವರು ಓದುವ ಸಾಲಿನ ಅಕ್ಷರ ಸುಮಾರು 9 ಮಿಲಿಮೀಟರ್ ಇರುತ್ತದೆ. 18 ಮೀಟರಿಗೆ ಅದರ ಮೂರು ಪಟ್ಟು, ಎಂದರೆ 26 ಮಿಲಿಮೀಟರ್. ನಮ್ಮದು ಅದರ ಮೂರು ಪಟ್ಟು ದೊಡ್ಡದು. ಒತ್ತಕ್ಷರಗಳಿಗೂ, ಇನ್ನೂ ಕನ್ನಡಕ ಮಾಡಿಸದ ಮಕ್ಕಳಿಗೂ ಇಷ್ಟು ಎಡೆ ಬೇಕೇ ಬೇಕು. ಒಂದೂಕಾಲರ ಸಿಒಬಿಯನ್ನು ಹಾಕಿಸಿದರೆ ಈ ಹುಡುಗಿಗೆ ಆಗುವ ಲಾಭವೇನು? ಏನೂ ಇಲ್ಲ. ಎಂಟೂವರೆ ಮೀಟರಿನ ಆಚೆ ಆಕೆಯ ಕಣ್ಣಿಗೆ ಎರಡೂವರೆಯ ಚುಕ್ಕಿಗಳೇ ಕೂಡಿಹೋಗಿರುತ್ತವೆ. ಲಾಭವೆಲ್ಲ ಮುಂದಿನ ಕೆಲವು ಸಾಲುಗಳಿಗೆ. ಅವರಿಗೆ ಚಿತ್ರವು ಸ್ವಲ್ಪ ಕಣಕಣವಾಗಿ ಕಾಣುವುದೇನೋ ನಿಜ. ಅದಕ್ಕೆ ಮೊದಲ ಸಾಲನ್ನು ವೇದಿಕೆಯಿಂದ ಇನ್ನೂ ಒಂದೂವರೆ ಮೀಟರ್ ಹಿಂದಕ್ಕೆ ಸರಿಸುತ್ತೇವೆ. ಹಾಗೆ ಸರಿಸಲು ಹಣ ಬೇಕಾಗಿಲ್ಲ. ಸಿಒಬಿಗೆ ಕೇಳಿದ ಬೆಲೆಯಾದರೋ ಕೂಡಿದ ಹಣವನ್ನು ಮೀರಿತ್ತು.

ಇದೇ ನ್ಯಾಯವು ದೊಡ್ಡವರಿಗೂ ಸಲ್ಲುತ್ತದೆ. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 2023ರಲ್ಲಿ ತೆರೆದ ಗೋಳಾಕಾರದ ಸಭಾಮಂದಿರದ ಹೊರಮೈಗೆ ಸುಮಾರು 12 ಲಕ್ಷ ದೀಪದ ಬಿಲ್ಲೆಗಳನ್ನು ಹಾಕಿದ್ದಾರೆ. ಬಿಲ್ಲೆಯಿಂದ ಬಿಲ್ಲೆಗೆ 8 ಅಂಗುಲ, ಸುಮಾರು ಇನ್ನೂರು ಮಿಲಿಮೀಟರ್! ಅದನ್ನು ನೋಡುವವರು ಬೀದಿಗಳ ಆಚೆ ನಿಂತಿರುವುದರಿಂದ ಅಷ್ಟೇ ಸಾಕಾಯಿತು. ಹಣದ ಕೊರತೆಯಿಂದ ಹಾಗೆ ಮಾಡಿದರೆಂದು ಯಾರೂ ಹೇಳಲಾರರು.

ಹೀಗಾಗಿ ಸಮಿತಿಯು ಎರಡೂವರೆ ಮಿಲಿಮೀಟರಿನ ಎಸ್‌ಎಂಡಿ ಪರದೆಯನ್ನು ಆರಿಸಿದೆ. 32 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರದ ಫಲಕಗಳು, ಅಡ್ಡಲಾಗಿ 12, ಉದ್ದಕ್ಕೆ 14, ಒಟ್ಟು 168. ಬಿಂದುಗಳು 13,76,256, ಪ್ರತಿಯೊಂದರಲ್ಲಿಯೂ ಮೂರು ಕಣಗಳಿರುವುದರಿಂದ ದೀಪಗಳು 41 ಲಕ್ಷದ ಮೇಲೆ. ಇಷ್ಟು ದೀಪಗಳಲ್ಲಿ ಒಂದೂ ಆರದೆಂದು ಯಾರು ಭರವಸೆ ಕೊಟ್ಟರೂ ನಂಬಬೇಡಿರಿ. ಆರಿದಾಗ ಸರಿಪಡಿಸುವವರಾರು ಎಂಬುದೇ ಕೇಳತಕ್ಕ ಪ್ರಶ್ನೆ. ಎಸ್‌ಎಂಡಿಯ ಮಣಿಯನ್ನು ತೆಗೆದು ಬೇರೆಯದನ್ನು ಬೆಸೆಯಬಲ್ಲ ಕುಶಲ ಕೆಲಸಗಾರರು ದಾವಣಗೆರೆ, ಶಿವಮೊಗ್ಗಗಳಲ್ಲಿಯೇ ಸಿಕ್ಕುತ್ತಾರೆ. ಮೊಬೈಲು ರಿಪೇರಿ ಮಾಡುವ ಕೈಗೆ ಈ ಕೆಲಸ ಹೊಸದಲ್ಲ. ಕೆಳಗಿನ ನಾಲ್ಕು ಸಾಲುಗಳ 48 ಫಲಕಗಳಿಗೆ ಮಾತ್ರ ಜಿಒಬಿ ಅಂಟಿನ ರಕ್ಷಣೆಯನ್ನು ಕೇಳಿದ್ದೇವೆ. ಅದು ಚಿಕ್ಕ ಮಕ್ಕಳ ಕೈ ತಲಪುವ ಎತ್ತರ. ಅಂಟಿದ್ದ ಭಾಗಕ್ಕೂ ಇಲ್ಲದ ಭಾಗಕ್ಕೂ ನಡುವೆ ಗೆರೆಯೊಂದು ತೋರುವುದಾದರೆ ಒಪ್ಪುವುದಿಲ್ಲವೆಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬೂದುಬಣ್ಣ ಹೊತ್ತಿಸಿ ತೋರಿಸಿದ ಮೇಲೆಯೇ ಹಣ ಕೊಡುವೆವೆಂದು ಬರೆದುಕೊಂಡಿದ್ದೇವೆ. ಬಿಳಿಯ ಬಣ್ಣದಲ್ಲಿ ಮುಚ್ಚಿಹೋಗುವ ದೋಷವು ಬೂದಿಯಲ್ಲಿ ಎದ್ದು ತೋರುವುದು.

ಬಾಡಿಗೆಯ ಪರದೆ ಸಾಲದೇ ಎಂದವರಿಗೆ ಒಂದು ಮಾತು. ವಾರ್ಷಿಕೋತ್ಸವಕ್ಕಾದರೆ ಸಾಕು. ಆದರೆ ಪಾಠಗಳು ವರ್ಷವಿಡೀ ನಡೆಯುತ್ತವೆ. ಅಲ್ಲದೆ ಲಾರಿಯಿಂದ ಏರಿ ಇಳಿದು ಮೂಲೆ ಸವೆದ ಪೆಟ್ಟಿಗೆಗಳ ಗತಿಯನ್ನು ನಮ್ಮ ಬೆಂಕಿಪೊಟ್ಟಣವೇ ಹೇಳುತ್ತದೆ.

ವಿದ್ಯುತ್ತಿನ ವೆಚ್ಚದ ಬಗ್ಗೆ ಪೋಷಕರಿಗೆ ಆತಂಕವಿರುವುದು ಸಹಜ. ಈ ಪರದೆಯಲ್ಲಿ ಉರಿಯುವ ಬಿಂದುವಿಗೆ ಮಾತ್ರ ಹೆಚ್ಚಿನ ವಿದ್ಯುತ್ತು ಬೇಕು. ಕಪ್ಪು ಬಿಂದುವಿನ ದೀಪ ಆರಿಯೇ ಇರುತ್ತದೆ. ಬಿಳಿಯ ಪುಟದ ಮೇಲೆ ಕರಿಯ ಅಕ್ಷರ ತೋರಿಸಿದರೆ ವೆಚ್ಚ ಹೆಚ್ಚು. ಕಪ್ಪಿನ ಮೇಲೆ ಬಿಳಿಯ ಅಕ್ಷರ ತೋರಿಸಿದರೆ ಬಹಳ ಕಡಿಮೆ, ಕಣ್ಣಿಗೂ ಹಿತ. ಇಷ್ಟೆಲ್ಲ ಸುತ್ತಿ ಕೊನೆಗೆ ನಾವು ಕರಿಹಲಗೆ, ಸೀಮೆಸುಣ್ಣಗಳ ಬಳಿಗೇ ಬಂದೆವೆಂದು ನಮ್ಮ ಗಣಿತದ ಉಪಾಧ್ಯಾಯಿನಿಯವರು ಹಾಸ್ಯ ಮಾಡುತ್ತಾರೆ.

ಮಳೆಗಾಲದಲ್ಲಿ ಹೊಳೆಯ ಕಡೆಯ ತೇವಗಾಳಿ ಫಲಕಗಳೊಳಗೆ ಸೇರಿ ಬೆಸುಗೆಯನ್ನು ಕೆಡಿಸಬಹುದಾದುದರಿಂದ, ರಜೆಯಿದ್ದರೂ ವಾರಕ್ಕೊಮ್ಮೆ ಪರದೆಯನ್ನು ಎರಡು ಗಂಟೆ ಹೊತ್ತಿಸಿಡಬೇಕು. ಹೊತ್ತಿಸುವಾಗ ಮೊದಲು ಮಂದವಾಗಿ, ಆಮೇಲೆ ಕ್ರಮೇಣ ಹೆಚ್ಚಾಗಿ. ಈ ಕೆಲಸವನ್ನು ಜವಾನರಿಗೆ ಒಪ್ಪಿಸಿದೆ. ಅದೇ ತಂಡದ ಮಣಿಗಳಿಂದ ಮಾಡಿದ ಎಂಟು ಫಲಕಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದೇವೆ. ಎರಡು ವರ್ಷಗಳ ಮೇಲೆ ಹೊಸದನ್ನು ತಂದರೆ ಬಣ್ಣ ಹೊಂದುವುದಿಲ್ಲ. ಹಳೆಯ ಸೀರೆಗೆ ಹೊಸ ತೇಪೆಯಾದೀತು. ಇವುಗಳನ್ನು ಪುಸ್ತಕಭಂಡಾರದ ಎರಡನೆಯ ಬೀರುವಿನಲ್ಲಿ ಇಡಲಾಗುವುದು. ಫಲಕಗಳು ಅಯಸ್ಕಾಂತದಿಂದ ಚೌಕಟ್ಟಿಗೆ ಅಂಟಿಕೊಂಡಿರುವುದರಿಂದ, ತಕ್ಕ ಹಿಡಿಕೆಯಿಂದ ಮುಂದಿನಿಂದಲೇ ಕಳಚಿ ಬದಲಾಯಿಸಬಹುದು. ಪರದೆಯನ್ನು ನಿಲ್ಲಿಸಲು ಬರುವವರು ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರಿಗೆ ಇದನ್ನು ಕಲಿಸಿಕೊಡಲು ಒಪ್ಪಿದ್ದಾರೆ. ಆ ನಾಲ್ವರಲ್ಲಿ, ಅಂದು ಮಣಿಗಳನ್ನು ಆಯ್ದು ತಂದವಳೂ ಇದ್ದಾಳೆ. ಆಕೆ ಈಗ ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ಬೆಂಕಿಪೊಟ್ಟಣವು ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿದೆ. ಶಾಲೆಗೆ ಬಂದವರು ಕೇಳಿದರೆ ಮಸೂರದ ಕೆಳಗಿಟ್ಟು ತೋರಿಸುತ್ತಾರೆ.